ಜೋಳದ ಕೋಣೆಯ ಮೀಟರ್ ಗೇಜು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದೆವು. ಈಗ ಅಲ್ಲಿ ರೈಲು ಓಡುತ್ತದೆ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತಾಗಿದೆ. ಕೆಲವರು ನಕ್ಕರು, ಕೆಲವರು ಮಕ್ಕಳನ್ನು ಕರಕೊಂಡು ನೋಡಲು ಬಂದರು. ನನ್ನ ಹೆಂಡತಿ ಮಾತ್ರ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಾ ಬಂದಿದ್ದಾಳೆ: "ಏನ್ರೀ, ಪಿಂಚಣಿ ಬಂದ ಮ್ಯಾಲ ಮಂದಿ ತೀರ್ಥಯಾತ್ರಾ ಮಾಡ್ತಾರ, ನೀವು ಆಟಗಿ ಸಾಮಾನ ತಗೊಂಡು ಕುಂತೀರಿ."

ಆಟಿಗೆ ಸಾಮಾನು ಅನ್ನೋದು ಸುಳ್ಳಲ್ಲ. ಪುಣೆಯಲ್ಲಿರುವ ನಮ್ಮ ತಂಗಿಯ ಮಗ, ತನ್ನ ಗೆಳೆಯನೊಬ್ಬ ಮಾರಲು ಇಟ್ಟಿದ್ದ ಹಳೇ ಇಂಜಿನ್ನು ಒಂದನ್ನು ತಂದುಕೊಟ್ಟ. ಉಗಿ ಇಂಜಿನ್ನಿನ ರೂಪ, ಆದರೆ ಒಳಗೆ ಇರೋದು 12 ವೋಲ್ಟಿನ ಮೋಟಾರು. ಎರಡು ಹಳಿಗಳಲ್ಲಿ ಕರೆಂಟು ಹರಿಯುತ್ತದೆ, ಗಾಲಿಯ ಮೂಲಕ ಮೋಟಾರಿಗೆ ಹೋಗುತ್ತದೆ. ಕೈಯಲ್ಲಿರುವ ಗುಂಡಿ ತಿರುವಿದರೆ ವೇಗ ಹೆಚ್ಚು ಕಡಿಮೆ ಆಗುತ್ತದೆ. ಅಷ್ಟೇ ಅದರ ವಿದ್ಯೆ. ಎರಡು ಪ್ಲೈವುಡ್ ಹಲಗೆ ಉದ್ದಕ್ಕೆ ಜೋಡಿಸಿ 16 ಅಡಿ ಉದ್ದ, 4 ಅಡಿ ಅಗಲದ ಮಣೆ ಮಾಡಿದೆ. ಅದರ ಮೇಲೆ ಸುತ್ತು ಹಳಿ. ನಡುವೆ ಒಂದು ಸ್ಟೇಶನ್ನು, ಬೇವಿನ ಗಿಡ, ನೀರಿನ ಕಂಬ, ಎರೆಮಣ್ಣಿನ ಹೊಲ. ಎರೆಮಣ್ಣಿಗೆ ಎಲ್ಲಿಗೂ ಹೋಗಬೇಕಾಗಲಿಲ್ಲ, ಬಾಗಿಲ ಹೊರಗೇ ಇತ್ತು.

ಇದೆಲ್ಲಾ ಯಾಕೆ ಮಾಡಿದೆ ಅಂದರೆ, ಹೋಟಗಿಯಿಂದ ವಿಜಾಪುರದ ಕಡೆ ಹೋಗುವ ಹಳಿಯ ಬದಿಗೆ ಬೆಳೆದ ನಮ್ಮ ವಯಸ್ಸಿನವರಿಗೆ ಬೇರೆ ಕಾರಣ ಹೇಳಬೇಕಾಗಿಲ್ಲ. 1876ರಿಂದ 78ರವರೆಗೆ ಬಿದ್ದ ದೊಡ್ಡ ಬರಗಾಲದ ನಂತರ, ಬರ ಬಂದಾಗ ಕಾಳು ಸಾಗಿಸಲು ದಾರಿ ಬೇಕೆಂದು ಈ ಕಡೆ ಹಾಕಿದ ಮೀಟರ್ ಗೇಜು ಹಳಿಗಳಲ್ಲಿ ಇದೂ ಒಂದು. 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ಗಾಡಿ ಓಡಿತು. ಸೂಲೇರಜವಳಗಿ, ತಡವಳ, ಅಲ್ಲಿಂದ ಭೀಮಾ ನದಿ ದಾಟಿದರೆ ಲಚ್ಯಾಣ, ಇಂಡಿ ರೋಡ್, ನಿಂಬಾಳ. ಹೊಳೆಯ ಈಚೆ ಮಹಾರಾಷ್ಟ್ರ, ಆಚೆ ಕರ್ನಾಟಕ; ಗಾಡಿಯಲ್ಲಿ ಕೂತವರ ಮಾತು ಮಾತ್ರ ಎರಡೂ ದಂಡೆಗೆ ಅದೇ ಕನ್ನಡ. ಹೋಟಗಿಯಲ್ಲಿ ಮುಂಬೈ-ಮದ್ರಾಸಿನ ಬ್ರಾಡ್ ಗೇಜು ದೊಡ್ಡ ಗಾಡಿಗಳ ಪಕ್ಕದಲ್ಲಿ ನಮ್ಮ ಮೀಟರ್ ಗೇಜು ಗಾಡಿ, ದೊಡ್ಡ ಎತ್ತಿನ ಬದಿಗೆ ಹೋರಿಕರ ನಿಂತ ಹಾಗೆ ನಿಲ್ಲುತ್ತಿತ್ತು. ಉಗಿ ಇಂಜಿನ್ನು ಮೊದಲು ಹೋಯಿತು, ಡೀಸೆಲ್ ಬಂತು. ಆಮೇಲೆ ಆ ಹಳಿಯೇ ಹೋಗಿ ಬ್ರಾಡ್ ಗೇಜಾಯಿತು. ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಳೇ ಗಾಡಿಯ ಒಂದು ಫೋಟೊ ಕೂಡ ನಮ್ಮ ಊರಿನ ಯಾರ ಮನೆಯಲ್ಲೂ ಇಲ್ಲ. ಮದುವೆಗೆ ಕ್ಯಾಮೆರಾದವನನ್ನು ಕರೆಸುವುದೇ ಕಷ್ಟ ಇದ್ದ ಕಾಲದಲ್ಲಿ ರೈಲಿನ ಫೋಟೊ ಯಾರು ತೆಗೀತಾರೆ? ಇಲ್ಲದ್ದನ್ನು ಮಾಡಿಕೊಂಡು ಅದರ ಚಿತ್ರ ತೆಗೆಯೋಣ ಅಂತ ಹೊರಟೆ.

ನಮ್ಮ ಅಪ್ಪನಿಗೆ ಈಗ 86. ಮೊದಲ ದಿನ ಅವರನ್ನು ಕೈ ಹಿಡಿದು ಕೋಣೆಗೆ ಕರಕೊಂಡು ಬಂದೆ. ಇಂಜಿನ್ನು ಬಿಟ್ಟೆ. ನನ್ನ ಮೊಮ್ಮಗ ಚಪ್ಪಾಳೆ ಹೊಡೆದ. ಅಪ್ಪ ಇಂಜಿನ್ನನ್ನು ನೋಡಲೇ ಇಲ್ಲ. ಬಗ್ಗಿ ಎರಡು ಹಳಿಗಳ ನಡುವೆ ಹೆಬ್ಬೆರಳು ಇಟ್ಟು ನೋಡಿದರು.

"ಇದು ಯಾವ ಗೇಜೋ ತಮ್ಮಾ? ಮೀಟರ್ ಅಲ್ಲ, ಬ್ರಾಡ್ ಬಿ ಅಲ್ಲ."

ನನಗೆ ಸ್ವಲ್ಪ ಸಿಟ್ಟು ಬಂತು. ಇಷ್ಟು ಖರ್ಚು ಮಾಡಿ ತೋರಿಸಿದರೆ ಇದೇನು ಮಾತು ಅನ್ನಿಸಿತು. ಆದರೆ ರಾತ್ರಿ ಕೂತು ಲೆಕ್ಕ ಹಾಕಿದರೆ ಮುದುಕರ ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ. ಈ ಮಾದರಿಯನ್ನು ಎಚ್‌ಓ ಅನ್ನುತ್ತಾರೆ. ನಿಜದ 87 ಅಡಿ ಇದರಲ್ಲಿ ಒಂದಡಿ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಅದನ್ನು 87ರಿಂದ ಗುಣಿಸಿದರೆ 1435 ಮಿಲಿಮೀಟರು ಬರುತ್ತದೆ. ಅದು ಯುರೋಪು, ಅಮೆರಿಕದ ಗೇಜು. ನಮ್ಮ ಮೀಟರ್ ಗೇಜು 1000, ಬ್ರಾಡ್ ಗೇಜು 1676. ಎರಡಕ್ಕೂ ಹೊಂದುವುದಿಲ್ಲ. ಮೀಟರ್ ಗೇಜಿಗೆ ಸರಿಯಾಗುವ ಸಣ್ಣ ಹಳಿ, ಅದರ ಇಂಜಿನ್ನು ಹೊರದೇಶದಲ್ಲಿ ಸಿಗುತ್ತವಂತೆ, ಬೆಲೆ ಕೇಳಿಯೇ ಕೈಬಿಟ್ಟೆ.

ಹಾಗಾದರೆ ಹಳಿ ಬದಲಿಸುವುದು ಬೇಡ, ಮಾಪನ್ನೇ ಬದಲಿಸೋಣ ಅನ್ನಿಸಿತು. 16.5 ಮಿಲಿಮೀಟರನ್ನು 60ರಿಂದ ಗುಣಿಸಿದರೆ 990. ಹತ್ತು ಮಿಲಿಮೀಟರು ಕಡಿಮೆ ಒಂದು ಮೀಟರು! ಅಂದರೆ ಇಂಜಿನ್ನು, ಡಬ್ಬಿ, ಸ್ಟೇಶನ್ನು, ಮನುಷ್ಯ ಎಲ್ಲವನ್ನೂ ಅರವತ್ತನೇ ಒಂದರ ಲೆಕ್ಕದಲ್ಲಿ ಮಾಡಿದರೆ ಅದೇ ಹಳಿ ಮೀಟರ್ ಗೇಜಾಗುತ್ತದೆ. ಐದೂವರೆ ಅಡಿ ಆಳು 2.8 ಸೆಂಟಿಮೀಟರು. ಈ ಲೆಕ್ಕ ಹೊಂದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಮಾಣದ ಗಣಿತ ಹೇಳಿದ್ದೇನೆ, ಒಂದು ಸಲವೂ ಇಷ್ಟು ರುಚಿ ಹತ್ತಿರಲಿಲ್ಲ.

ತಂದ ಇಂಜಿನ್ನಿನ ಮೇಲಿನ ಕವಚ ಬಿಚ್ಚಿ, ಕೆಳಗಿನ ಗಾಲಿ-ಮೋಟಾರು ಇಟ್ಟುಕೊಂಡು, ರಟ್ಟು ಮತ್ತು ತೆಳು ಪ್ಲಾಸ್ಟಿಕ್ಕಿನಲ್ಲಿ ಹೊಸ ಮೈ ಕಟ್ಟಿದೆ. ನಸೀಬಕ್ಕೆ ಅದು ಎಂಟು ದೊಡ್ಡ ಗಾಲಿ, ಮುಂದೆ ಎರಡು, ಹಿಂದೆ ಎರಡು ಸಣ್ಣ ಗಾಲಿಯ ಇಂಜಿನ್ನು. ಇದಕ್ಕೆ 'ಮಿಕಾಡೊ' ಅನ್ನುತ್ತಾರೆ. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ಜಪಾನಿಗೆ ಇಂಥ ಇಂಜಿನ್ನು ಕಟ್ಟಿಕೊಟ್ಟಾಗಿನಿಂದ ಬಂದ ಹೆಸರು. ನಮ್ಮ ವೈಜಿ ಇಂಜಿನ್ನೂ ಅದೇ ಜಾತಿ. ವೈ ಅಂದರೆ ಮೀಟರ್ ಗೇಜು, ಜಿ ಅಂದರೆ ಗೂಡ್ಸು, ಪ್ಯಾಸೆಂಜರಿಗೆ ವೈಪಿ. 1949ರಿಂದ 1972ರವರೆಗೆ ಸಾವಿರಕ್ಕಿಂತ ಹೆಚ್ಚು ವೈಜಿ ಇಂಜಿನ್ನು ನಮ್ಮ ದೇಶದ ಹಳಿಗೆ ಬಂದವು, ಬಹಳಷ್ಟು ಇಲ್ಲಿಯೇ ಕಟ್ಟಿದವು. ಹೆಸರು ಗೂಡ್ಸಿನದಾದರೂ ನಮ್ಮ ಪ್ಯಾಸೆಂಜರನ್ನೂ ಎಷ್ಟೋ ಸಲ ಅದೇ ಎಳೆಯುತ್ತಿತ್ತು. ವೈಜಿಯ ದೊಡ್ಡ ಗಾಲಿ ನಾಲ್ಕಡಿ. ನನ್ನ ಮಾಪಿನಲ್ಲಿ 20 ಮಿಲಿಮೀಟರು ಇರಬೇಕಿತ್ತು, ಇದರದು ಎರಡು ಮಿಲಿಮೀಟರು ಸಣ್ಣದು. ಅದೊಂದು ತಪ್ಪು ಹಾಗೇ ಉಳಿದಿದೆ. ಅಪ್ಪ ಇನ್ನೂ ಹಿಡಿದಿಲ್ಲ. ಅವರು ಗಾಲಿಯವರಲ್ಲ, ಹಳಿಯವರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಅಪ್ಪ ಗ್ಯಾಂಗ್‌ಮನ್ ಆಗಿದ್ದರು. ನಾನು ಹೈಸ್ಕೂಲು ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅನ್ನೋ ಕಡೆ ಅವರು ಹೇಳಿದ್ದನ್ನು ಬರೆಯದೆ 'ರೈಲ್ವೆ ನೌಕರ' ಅಂತ ಬರೆದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ಹುಡುಗರು ಕೇಳಿದರೆ, ಸ್ಟೇಶನ್ನಿನಲ್ಲಿ ಕೆಲಸ ಅನ್ನುತ್ತಿದ್ದೆ. ಬಿಸಿಲಲ್ಲಿ ಖಡಿ ಕುಟ್ಟುವ ಗುಂಪಿನಲ್ಲಿ ಅವರನ್ನು ಕಂಡರೆ ಗಾಡಿಯ ಇನ್ನೊಂದು ಬದಿಯ ಕಿಟಕಿಗೆ ಹೋಗಿ ಕೂತದ್ದೂ ಉಂಟು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸ ಏನು, ಹೇಗೆ ಅಂತ ನಾನು ಒಂದು ಸಲವೂ ಕೇಳಲಿಲ್ಲ. ನನ್ನ ಮಕ್ಕಳಿಗೂ ಹೇಳಲಿಲ್ಲ.

ಮಾಪು ಬದಲಾಯಿಸಿ, ವೈಜಿಗೆ ಕರಿ ಬಣ್ಣ ಬಳಿದು, ಅಪ್ಪನನ್ನು ಮತ್ತೆ ಕರೆದೆ. ಹೆಬ್ಬೆರಳು ಇಟ್ಟು ನೋಡಿದರು. ಪಕ್ಕದಲ್ಲಿ ನಿಂತ ಸಣ್ಣ ಮಣ್ಣಿನ ಆಳನ್ನು ನೋಡಿದರು.

"ಹಾಂ, ಈಗ ಮೀಟರ್ ಆತು. ಆದ್ರ ಜೋಡು ಎಲ್ಲಿ ಅದಾವು?"

ಜೋಡು ಅಂದರೆ ಹಳಿಯ ಕೂಡು. ಮೀಟರ್ ಗೇಜಿನಲ್ಲಿ ಒಂದೊಂದು ಹಳಿ 12 ಮೀಟರು, ಅವರ ಲೆಕ್ಕದಲ್ಲಿ 39 ಅಡಿ. ಎರಡು ಹಳಿ ಕೂಡುವಲ್ಲಿ ಬಿಸಿಲಿಗೆ ಹಿಗ್ಗಲೆಂದು ಸ್ವಲ್ಪ ಸಂದು ಬಿಡುತ್ತಾರೆ. ಗಾಲಿ ಆ ಸಂದು ದಾಟಿದಾಗಲೇ ಆ 'ಟಕ್-ಟಕ್' ಸಪ್ಪಳ. ನನ್ನ ಹಳಿ ಅಂಗಡಿಯಿಂದ ತಂದದ್ದು, ಉದ್ದಕ್ಕೆ ನುಣ್ಣಗಿತ್ತು. 12 ಮೀಟರನ್ನು 60ರಿಂದ ಭಾಗಿಸಿದರೆ ಸರಿಯಾಗಿ 20 ಸೆಂಟಿಮೀಟರು. ಶಾಲೆಯ ಸ್ಕೇಲು ಇಟ್ಟು ಪ್ರತಿ 20 ಸೆಂಟಿಮೀಟರಿಗೆ ಸಣ್ಣ ಗರಗಸದಿಂದ ಹಳಿಯ ತಲೆಯ ಮೇಲೆ ಗೀರು ಹಾಕಿದೆ. ಪೂರ್ತಿ ಕೊಯ್ದರೆ ಕರೆಂಟು ಕಡಿದುಹೋಗುತ್ತದೆ, ಅದಕ್ಕೆ ಗೀರು ಮಾತ್ರ. ಮಣೆಯ ಕೆಳಗೆ ಖಾಲಿ ಜಾಗ ಇದ್ದುದರಿಂದ ಪ್ಲೈವುಡ್ಡು ಹಲಗಿಯಂತೆ ಸಪ್ಪಳ ಕೊಟ್ಟಿತು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ತವರಿಗೆ ಹೋಗುವ ಗಾಡಿಯ ಸಪ್ಪಳ ಹೀಗೇ ಇತ್ತು ಅಂದಳು. ಆವತ್ತು ಆಟಗಿ ಸಾಮಾನಿನ ಮಾತು ಬರಲಿಲ್ಲ. ಮರುದಿನ ಬಂತು, ಅದು ಬೇರೆ.

ಇನ್ನು ಚಿತ್ರ ತೆಗೆಯುವ ಕಥೆ. ಮೊದಲ ಸಲ ಮೊಬೈಲನ್ನು ಎದೆಯ ಎತ್ತರಕ್ಕೆ ಹಿಡಿದು ತೆಗೆದೆ. ನೋಡಿದರೆ ಪ್ಲೈವುಡ್ಡು, ಹಿಂದಿನ ಗೋಡೆಯ ಕ್ಯಾಲೆಂಡರು, ಮೂಲೆಯ ಬೀಜದ ಡಬ್ಬಿ, ನಡುವೆ ಜಿರಳೆಯಂತೆ ಓಡುವ ಇಂಜಿನ್ನು. ಗಾಡಿ 12 ಅಡಿ ನೇರ ಹಳಿಯನ್ನು ಐದು ಸೆಕೆಂಡಿಗೆ ದಾಟಿತ್ತು. ಅಪ್ಪ ನೋಡಿ, "ಇಷ್ಟ್ಯಾಕ ಓಡ್ತದೋ ಇದು, ಹಿಂದ ನಾಯಿ ಹತ್ಯಾವೇನು?" ಅಂದರು. ಲೆಕ್ಕ ಮಾಡಿದೆ. 12 ಅಡಿ ಅಂದರೆ ಮಾಪಿನಲ್ಲಿ ಸುಮಾರು 220 ಮೀಟರು. ಐದು ಸೆಕೆಂಡಿಗೆ ದಾಟಿದರೆ ಗಂಟೆಗೆ 158 ಕಿಲೋಮೀಟರು! ನಮ್ಮ ಪ್ಯಾಸೆಂಜರು ಕನಸಿನಲ್ಲಿಯೂ ಅಷ್ಟು ಓಡಿದ್ದಲ್ಲ. ಗಂಟೆಗೆ 40 ಅಂದರೆ ಅದೇ 12 ಅಡಿಗೆ ಇಪ್ಪತ್ತು ಸೆಕೆಂಡು ಹಿಡಿಯಬೇಕು. ಅಷ್ಟು ಮೆಲ್ಲಗೆ ಓಡಿಸುವುದೇ ಕಷ್ಟ. ಹಳಿಯ ಮೇಲೆ ಒಂಚೂರು ಧೂಳು, ಎಣ್ಣೆಯ ಪಸೆ ಇದ್ದರೆ ಕರೆಂಟು ಸಿಗದೆ ಇಂಜಿನ್ನು ಮುಗ್ಗರಿಸುತ್ತದೆ. ವೇಗದಲ್ಲಿ ಎಲ್ಲಾ ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಹಳಿಯ ಒಂದೊಂದು ದೋಷವೂ ಕಾಣಿಸುತ್ತದೆ.

ಹೊಗೆಯದು ಇನ್ನೊಂದು ಫಜೀತಿ. ಚಿಮಣಿಯೊಳಗೆ ಊದುಬತ್ತಿಯ ತುಂಡು ಇಟ್ಟೆ. ದೇವರ ಮನೆಯ ವಾಸನೆ ಬಂತು, ಇಂಜಿನ್ನಿನ ಹೊಗೆ ಬರಲಿಲ್ಲ. ಎಳೆಯಂತೆ ಸರ್ರನೆ ಎದ್ದು ಚದುರುತ್ತಿತ್ತು. ಸಣ್ಣ ವಸ್ತು ಬೇಗ ಅಲುಗಾಡುತ್ತದೆ. ಗಿಡಕ್ಕೆ ಕಟ್ಟಿದ ಉದ್ದ ಜೋಕಾಲಿ ನಿಧಾನ ತೂಗುತ್ತದೆ, ಕೈಯಲ್ಲಿ ಹಿಡಿದ ದಾರದ ಕಲ್ಲು ಬೇಗ ಬೇಗ ತೂಗುತ್ತದೆ. ಉದ್ದ ಅರವತ್ತು ಪಟ್ಟು ಕಡಿಮೆಯಾದರೆ ತೂಗುವುದು ಅರವತ್ತರ ವರ್ಗಮೂಲದಷ್ಟು, ಅಂದರೆ ಏಳೂಮುಕ್ಕಾಲು ಪಟ್ಟು ಬೇಗ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದು 30ರ ವೇಗದಲ್ಲಿ ತೋರಿಸುವ ವ್ಯವಸ್ಥೆ ಇದೆಯೆಂದು ಮೊಮ್ಮಗ ತೋರಿಸಿದ. ಅದು ಎಂಟು ಪಟ್ಟು ನಿಧಾನ. ಹೆಚ್ಚು ಕಡಿಮೆ ಲೆಕ್ಕ ಹೊಂದಿತು. ಹಾಗೆ ತೆಗೆದಾಗ ಊದುಬತ್ತಿಯ ಹೊಗೆಯೇ ದಪ್ಪವಾಗಿ, ಭಾರವಾಗಿ ಉರುಳುತ್ತಾ ಎದ್ದಿತು. ಆದರೆ ಗಾಡಿಯನ್ನೂ ಹಾಗೇ ತೆಗೆಯಬೇಕೆಂದರೆ ಅದನ್ನು ಎಂಟು ಪಟ್ಟು ಜೋರು ಓಡಿಸಬೇಕು, ತಿರುವಿನಲ್ಲಿ ಹಾರಿ ನೆಲಕ್ಕೆ ಬೀಳುತ್ತದೆ. ಬಿದ್ದಿದೆ ಕೂಡ. ಅದಕ್ಕೆ ಹೊಗೆಯ ಚಿತ್ರವೆಲ್ಲಾ ಸ್ಟೇಶನ್ನಿನಲ್ಲಿ ಇಂಜಿನ್ನು ನೀರು ಕುಡಿಯುವಾಗಿನದು.

ಇಷ್ಟಾದರೂ ಚಿತ್ರದಲ್ಲಿ ಏನೋ ಕೊರತೆ ಇತ್ತು. ಗಾಡಿ ಮೇಲಿನಿಂದಲೇ ಕಾಣುತ್ತಿತ್ತು, ಹದ್ದು ನೋಡಿದ ಹಾಗೆ. ಒಂದು ದಿನ ಮುಂಜಾನೆ ಕೋಣೆಗೆ ಹೋದರೆ ಅಪ್ಪ ಒಬ್ಬರೇ ಇದ್ದರು. ಸ್ಟೂಲಿನ ಮೇಲೆ ಕೂತು, ಮಣೆಯ ಅಂಚಿಗೆ ಗಲ್ಲ ಹಚ್ಚಿ, ಒಂದು ಕಣ್ಣು ಮುಚ್ಚಿ, ಹಳಿಯ ಉದ್ದಕ್ಕೂ ನೋಡುತ್ತಿದ್ದರು. ನನಗೆ ಗಾಬರಿಯಾಯಿತು, ತಲೆ ಸುತ್ತಿತೇನೋ ಅಂತ.

"ಏನಾತು ಅಪ್ಪಾ?"

"ಮೂರನೇ ಜೋಡು ಕುಂತದ," ಅಂದರು. ತಲೆ ಎತ್ತಲಿಲ್ಲ. ಎಡಗೈ ಮಾತ್ರ ಮೇಲೆ ಮಾಡಿ ಬೆರಳು ಆಡಿಸಿದರು, ಎತ್ತು ಎತ್ತು ಅಂದ ಹಾಗೆ.

ಆ ಬೆರಳು ನೋಡಿದ ಕೂಡಲೇ ನೆನಪಾಯಿತು. ಗ್ಯಾಂಗಿನಲ್ಲಿ ಒಬ್ಬರು ಹಳಿಗೆ ಗಲ್ಲ ಹಚ್ಚಿ ಮಲಗಿ ದೂರಕ್ಕೆ ನೋಡುತ್ತಿದ್ದರು. ಎಲ್ಲಿ ತಗ್ಗು ಬಿದ್ದಿದೆ ಅನ್ನುವುದು ಹಾಗೆ ನೋಡಿದರೇ ಗೊತ್ತಾಗುವುದು. ಅವರು ಕೈ ಆಡಿಸಿದ ಹಾಗೆ ದೂರದಲ್ಲಿದ್ದವರು ಹಳಿ ಎತ್ತುತ್ತಿದ್ದರು, ಸ್ಲೀಪರಿನ ಕೆಳಗೆ ಖಡಿ ಕುಟ್ಟಿ ತುಂಬುತ್ತಿದ್ದರು. ಸಣ್ಣವನಿದ್ದಾಗ ಗಾಡಿಯ ಕಿಟಕಿಯಿಂದ ಅದನ್ನು ನೋಡಿ, ಈ ಮನುಷ್ಯ ಮಲಗಿಕೊಂಡಿದ್ದಾನೆ, ಉಳಿದವರು ಕೆಲಸ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಹಳೇ ಪೋಸ್ಟ್‌ಕಾರ್ಡಿನ ತುಂಡು ಮಡಚಿ ಮೂರನೇ ಜೋಡಿನ ಕೆಳಗೆ ತುರುಕಿದೆ. "ಇನ್ನಾ ಒಂದ್ ಎಳಿ," ಅಂದರು. ತುರುಕಿದೆ. "ಸಾಕು." ಆಮೇಲೆ ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಎತ್ತರ ಇರಬೇಕು ಅಂದರು. ಗಾಡಿ ತಿರುಗುವಾಗ ಹೊರಗೆ ವಾಲುತ್ತದೆ, ಅದನ್ನು ಹಳಿ ಒಳಕ್ಕೆ ವಾಲಿಸಬೇಕು. ಅದಕ್ಕೂ ಪೋಸ್ಟ್‌ಕಾರ್ಡೇ. ನಮ್ಮ ಮನೆಯ ಹಳೇ ಪತ್ರಗಳಲ್ಲಿ ಅರ್ಧ ಈಗ ಹಳಿಯ ಕೆಳಗಿವೆ.

ಅವರು ಎದ್ದ ಮೇಲೆ ಅದೇ ಜಾಗದಲ್ಲಿ, ಅವರ ಗಲ್ಲ ಇದ್ದಲ್ಲಿ, ಮೊಬೈಲು ಇಟ್ಟೆ. ಕ್ಯಾಮೆರಾದ ಕಣ್ಣು ಮೊಬೈಲಿನ ಮೇಲ್ತುದಿಗೆ ಇರುತ್ತದೆ, ಅದಕ್ಕೆ ತಲೆಕೆಳಗು ಮಾಡಿ ಇಟ್ಟರೆ ಕಣ್ಣು ಹಳಿಯ ಮಟ್ಟಕ್ಕೆ ಬರುತ್ತದೆ. ಕಿಟಕಿಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಹಿಂದೆ ಹೆಂಡತಿಯ ನೀಲಿ ಸೀರೆ, ಕೇಳದೆ ತಂದದ್ದು. ಗಾಡಿ ತಿರುವಿನಿಂದ ಬಂತು. ಮೊದಲು ಹಳಿ ಮಿನುಗಿತು, ಆಮೇಲೆ ಇಂಜಿನ್ನಿನ ಮುಖ, ಮೆಲ್ಲಗೆ ದೊಡ್ಡದಾಗುತ್ತಾ ಬಂದು ಪಕ್ಕದಿಂದ ಹೋಯಿತು. ಡಬ್ಬಿಗಳು ಒಂದರ ಹಿಂದೆ ಒಂದು ವಾಲಿ ನೆಟ್ಟಗಾದವು. ಅಂಗೈ ಅಗಲದ ಸ್ಕ್ರೀನಿನಲ್ಲಿ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿದರು. ಆಮೇಲೆ ಮಾತಾಡಲು ಶುರು ಮಾಡಿದರು. ಗಾಡಿ ಬಂದಾಗ ಬದಿಗೆ ಸರಿದು, ಮುಖ ಗಾಡಿಯ ಕಡೆಗೇ ಮಾಡಿ ನಿಲ್ಲಬೇಕಿತ್ತಂತೆ. ಚಂದ ನೋಡಲಿಕ್ಕಲ್ಲ. ಏನಾದರೂ ಜೋತುಬಿದ್ದಿದೆಯೋ, ಎಲ್ಲಿಂದಾದರೂ ಹೊಗೆ ಬರುತ್ತಿದೆಯೋ ನೋಡಲಿಕ್ಕೆ. ಕೀಮನ್ ಆಗಿದ್ದಾಗ ದಿನಾ ತಮ್ಮ ಪಾಲಿನ ಹಳಿಯನ್ನು ನಡೆದು, ಸಡಿಲಾದ ಕೀಲಿಗೆ ಸುತ್ತಿಗೆಯಿಂದ ಬಡಿದು ಬರುತ್ತಿದ್ದರಂತೆ. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಹೋಗುವಾಗ ಚೀಲದಲ್ಲಿ ಪಟಾಕಿ ಇರುತ್ತಿದ್ದವು. ಹಳಿ ಕೆಟ್ಟದ್ದು ಕಂಡರೆ ಗಾಡಿ ಬರುವ ಕಡೆ ಓಡಿ ಮೊದಲು ಒಂದು, ಇನ್ನೂ ಮುಂದೆ ಹೋಗಿ ಹತ್ತು ಮೀಟರಿಗೊಂದರಂತೆ ಮೂರು ಹಳಿಯ ಮೇಲೆ ಕಟ್ಟಬೇಕು. ಗಾಲಿ ಹತ್ತಿ ಅವು ಸಿಡಿದರೆ ಡ್ರೈವರು ನಿಲ್ಲಿಸುತ್ತಾನೆ. "ಅಷ್ಟು ವರ್ಷದಾಗ ಎಷ್ಟ್ ಸಲ ಕಟ್ಟಿದಿ?" ಅಂತ ಕೇಳಿದೆ. "ಒಮ್ಮೆ ಬಿ ಇಲ್ಲ. ಕಟ್ಟೂ ಪಾಳಿ ಬಂದ್ರ ಮದ್ಲ ನಾ ಏನ್ ಕೆಲಸ ಮಾಡ್ದಂಗಾತು?" ಅಂದರು.

ಸಪ್ಪಳದ ಜವಾಬ್ದಾರಿಯನ್ನು ಓಣಿಯ ಹುಡುಗರಿಗೆ ಕೊಟ್ಟೆ. ಉಗಿ ಸಿಲಿಂಡರಿನಲ್ಲಿ ಕೆಲಸ ಮುಗಿಸಿ ಚಿಮಣಿಯಿಂದ ನುಗ್ಗುವಾಗ ಒಂದೊಂದು 'ಛಕ್'. ಎರಡು ಸಿಲಿಂಡರು, ಒಂದೊಂದರ ಎರಡೂ ತುದಿಯಿಂದ. ಗಾಲಿ ಒಂದು ಸುತ್ತಿಗೆ ನಾಲ್ಕು ಸಲ. ಮರದ ತುಂಡಿಗೆ ಉಸುಕಿನ ಕಾಗದ ಅಂಟಿಸಿ ಒಂದಕ್ಕೊಂದು ಉಜ್ಜಿಸಿದೆ. ಹುಡುಗರು ಮೊದಲು ಹುಮ್ಮಸ್ಸಿನಲ್ಲಿ ಹೇಗೋ ಉಜ್ಜಿದರು, ನಾಲ್ಕರ ಲೆಕ್ಕ ಹಿಡಿಯಲು ಎರಡು ಭಾನುವಾರ ಬೇಕಾಯಿತು.

ಕೊನೆಗೆ ಆರು ನಿಮಿಷದ ಚಿತ್ರ ಆಯಿತು. ನಮ್ಮ ವಾಚನಾಲಯದ ಗೋಡೆಗೆ ಬಿಳಿ ಪಂಜೆ ಕಟ್ಟಿ ತೋರಿಸಿದೆವು. ಚಿತ್ರದ ನಡುವೆ ಒಂದು ಕಡೆ, ಗಾಡಿ ಇನ್ನೇನು ಬರುವಾಗ, ಬಲಗಡೆಯಿಂದ ದೊಡ್ಡದೊಂದು ಕೈ ಬಂದು ಹಳಿಯ ಮೇಲಿನ ಖಡಿಯ ಚೂರು ತೆಗೆದು ಹೋಗುತ್ತದೆ. ಅಪ್ಪನದು. ಚಿತ್ರ ತೆಗೆಯುತ್ತಿದ್ದೇನೆ ಅನ್ನುವುದು ಅವರ ತಲೆಯಲ್ಲಿರಲಿಲ್ಲ. ಹಳಿಯ ಮೇಲೆ ಕಲ್ಲಿತ್ತು, ಗಾಡಿ ಬರುತ್ತಿತ್ತು. ಜೊತೆಯ ಮಾಸ್ತರರೊಬ್ಬರು, "ಸರ್, ಅದೊಂದು ಕಟ್ ಮಾಡ್ರಿ, ಭ್ರಮೆ ಒಡೀತದ," ಅಂದರು. ಅವರ ಮಾತು ಸರಿ. ಆದರೆ ನಾನು ಕಟ್ ಮಾಡಲಿಲ್ಲ.

ಚಿತ್ರದ ಕೊನೆಗೆ ಕರಿಯ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಹಾಕಿದ್ದೆವು. ಸಪ್ಪಳ: ಓಣಿಯ ಹುಡುಗರು. ಸೀರೆ: ಮನೆಯವರು. ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ: ಹಳಿ — ನಮ್ಮ ಅಪ್ಪ, ಗ್ಯಾಂಗ್‌ಮನ್.

ಮೊಮ್ಮಗ ಅದನ್ನು ಮುತ್ಯಾನಿಗೆ ಗಟ್ಟಿಯಾಗಿ ಓದಿ ಹೇಳಿದ. ಮಂದಿ ಚಪ್ಪಾಳೆ ಹೊಡೆದರು. ಅಪ್ಪ ನನ್ನ ಕಡೆ ತಿರುಗಿ ಪಟಕಾ ಸರಿ ಮಾಡಿಕೊಂಡರು.

"ಗ್ಯಾಂಗ್‌ಮನ್ ಅಲ್ಲೋ ತಮ್ಮಾ. ರಿಟೈರ್ ಆಗೂಮುಂದ ನಾ ಮೇಟ್ ಇದ್ದೆ."

ಅದನ್ನು ಇನ್ನೂ ತಿದ್ದಬೇಕಾಗಿದೆ. ಮೊಮ್ಮಗನ ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಿದ್ದೇನೆ, ಅಕ್ಷರ ಬದಲಿಸುವುದು ಅವನಿಗೇ ಗೊತ್ತು.